ಗಿರಾಕಿಯ ಕಡೆಗಿನ ತಪ್ಪು

ಮೊಳೆ ಅಂಗಡಿಯ ತಕ್ಕಡಿ ತಪ್ಪು ತೂಗುತ್ತಿತ್ತು, ಆದರೆ ತಪ್ಪು ಗಿರಾಕಿಯ ಕಡೆಗಿತ್ತು. ಐದು ಕಿಲೋದ ಕಲ್ಲನ್ನು ತಟ್ಟೆಯ ನಡುವೆ ಇಟ್ಟಾಗ ಅಂಕಿ ಸರಿಯಾಗಿಯೇ ಬಂದಿತ್ತು. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿ ಇಪ್ಪತ್ತೆಂಟು ವರ್ಷ ಸವೆಸಿದ್ದ ಅವನಿಗೆ ನಡುವನ್ನು ನಂಬುವ ಅಭ್ಯಾಸವಿರಲಿಲ್ಲ. ಕಲ್ಲನ್ನು ಒಂದೊಂದೇ ಮೂಲೆಗೆ ಸರಿಸಿ ನೋಡಿದ. ಗೋಡೆಯ ಕಡೆಯ ಮೂಲೆಯಲ್ಲಿ ಮೂವತ್ತು ಗ್ರಾಂ ಕಡಿಮೆ ತೋರಿಸಿತು. ಅಂದರೆ ಅಂಗಡಿಯವನು ಆ ಮೂಲೆಗೆ ಮೊಳೆ ಸುರಿದು ತೂಗಿದಾಗಲೆಲ್ಲ ಹತ್ತಾರು ಮೊಳೆ ಪುಕ್ಕಟೆಯಾಗಿ ಗಿರಾಕಿಯ ಚೀಲಕ್ಕೆ ಹೋಗುತ್ತಿದ್ದವು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದ. ಯಾರೂ ದೂರು ಹೇಳಿಲ್ಲವಲ್ಲ ಎಂದು ಅಂಗಡಿಯವನು ಉತ್ತರಿಸಿದ. ಹೆಚ್ಚು ಸಿಕ್ಕವರು ಯಾವ ಕಾಲಕ್ಕೆ ದೂರು ಹೇಳಿದ್ದಾರೆ? ಅವನು ಚೀಲದಿಂದ ಬಳಸಕೂಡದೆಂಬ ಕೆಂಪು ಚೀಟಿ ತೆಗೆದು ತಕ್ಕಡಿಗೆ ಕಟ್ಟತೊಡಗಿದಾಗ ಅಂಗಡಿಯವನು ಗಲ್ಲಾ ಬಿಟ್ಟು ಎದ್ದುಬಂದ. “ನಷ್ಟ ಆಗ್ತಿರೋದು ನನಗೆ ಸಾರ್. ಗಿರಾಕಿ ಖುಷಿಯಾಗಿದಾನೆ. ನಿಮಗ್ಯಾಕೆ ತಲೆನೋವು?” ತಲೆ ಇದ್ದವರಿಗೆ ನೋವೂ ಇರುತ್ತೆ, ನಿನಗೆ ಆ ತೊಂದರೆ ಇಲ್ಲ ಬಿಡು, ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಇಂಥ ಮಾತುಗಳನ್ನು ಅವನು ಯಾವತ್ತೂ ಹುಡುಕಬೇಕಾಗಿರಲಿಲ್ಲ, ಬಚ್ಚಲ ನಲ್ಲಿಯ ಹಾಗೆ ತಿರುಗಿಸಿದರೆ ಬರುತ್ತಿದ್ದವು. ಅವನು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ತೂಕದ ಪೆಟ್ಟಿಗೆಯ ಕಲ್ಲುಗಳನ್ನು ದೊಡ್ಡದರಿಂದ ಹೇಳಿಕೊಂಡ. ಇಪ್ಪತ್ತು, ಹತ್ತು, ಐದು, ಎರಡು, ಮತ್ತೊಂದು ಎರಡು, ಒಂದು. ಎರಡನೆಯ ಎರಡಕ್ಕೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಮಾತಿನ ಮೊನೆ ಮುರಿದಿರುತ್ತಿತ್ತು. ತಪ್ಪು ಯಾವ ಕಡೆಗಿದ್ದರೂ ನಿಯಮ ಒಂದೇ, ರಿಪೇರಿ ಮಾಡಿಸಿ ತಿಳಿಸಿ, ಬಂದು ಮುದ್ರೆ ಹಾಕಿ ಕೊಡುತ್ತೇನೆ ಎಂದು ಮೆತ್ತಗೆ ಹೇಳಿದ. ಅಂಗಡಿಯವನು ಅವನನ್ನು ಒಂದು ಕ್ಷಣ ನೋಡಿ, ಸಾಹೇಬರು ಬಹಳ ಬದಲಾಗಿದ್ದಾರೆ ಎಂದು ಪಕ್ಕದ ಪೇಂಟಿನ ಅಂಗಡಿಯವನಿಗೆ ಕೇಳುವಂತೆ ಅಂದ.

ಆ ಮಾತು ಅವನಿಗೆ ಇಡೀ ಬೆಳಿಗ್ಗೆ ಹಿತವಾಗಿತ್ತು. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು, ಹೆಂಡತಿ ತನ್ನ ಕೆಲಸದಿಂದ ನೇರವಾಗಿ ಅಲ್ಲಿಗೇ ಬರುವವಳಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಜನರ ಮೂಗು ಕಿವಿಗಳ ಅಂತರ ನೋಡಿ ಫ್ರೇಮು ಕೂರಿಸಿ ಕೊಡುವುದು. ಮೂಗನ್ನು ನೋಡಿದರೆ ಮನುಷ್ಯನ ಗುಣ ಹೇಳಬಹುದು ಎಂದು ಅವಳು ತಮಾಷೆಗೆ ಹೇಳುವುದಿತ್ತು. ಅವನ ಮೂಗು ಥೇಟ್ ಅವನ ಅಪ್ಪನದು. ನಡುವೆ ಗಂಟು, ತುದಿಗೆ ಬಂದಾಗ ಯಾರನ್ನೋ ಬೈಯುವಂತೆ ಬಾಗಿದ್ದು. ಚಿಕ್ಕಂದಿನಿಂದ ಬಂದವರೆಲ್ಲ ಅಪ್ಪನ ಪಡಿಯಚ್ಚು ಎನ್ನುತ್ತಿದ್ದರು, ನೂಲಿನಂತೆ ಸೀರೆ ಎನ್ನುತ್ತಿದ್ದರು. ಮೂಗಿಗೆ ಹೇಳಿದ್ದು ಮೆಲ್ಲಗೆ ಸಿಟ್ಟಿಗೂ ಬಂತು, ನಡಿಗೆಗೂ ಬಂತು, ಬಾಗಿಲು ಹಾಕುವ ರೀತಿಗೂ ಬಂತು. ಈಗ ಆಸ್ಪತ್ರೆಯವರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಕಾಗದ ಕಳಿಸಿದ್ದರು. ಮರೆವಿನ ಕಾಯಿಲೆಯಿರುವ ಮನೆಗಳಲ್ಲಿ ಮಕ್ಕಳ ಸ್ವಭಾವ ಹೇಗಿರುತ್ತದೆ, ಕಾಯಿಲೆ ಬರುವುದಾದರೆ ಅದಕ್ಕೂ ಮೊದಲೇ ಸ್ವಭಾವದಲ್ಲಿ ಏನಾದರೂ ಕಾಣುತ್ತದೆಯೇ ಎಂದು ತಿಳಿಯುವ ಅಧ್ಯಯನ. ಅವನು ಒಂದು ಫಾರಂ ತುಂಬಬೇಕು, ಅವನನ್ನು ಚೆನ್ನಾಗಿ ಬಲ್ಲವರೊಬ್ಬರು ಅವನ ಬಗ್ಗೆ ಇನ್ನೊಂದು ತುಂಬಬೇಕು. ಅವನನ್ನು ಚೆನ್ನಾಗಿ ಬಲ್ಲವರು ಎಂದಾಗ ಹೆಂಡತಿಯನ್ನು ಬಿಟ್ಟರೆ ಬೇರೆ ಹೆಸರು ಹೊಳೆಯಲಿಲ್ಲ.

ಅಪ್ಪ ಬಡಗಿ ಮೇಸ್ತ್ರಿಯಾಗಿದ್ದ. ಕೈಕೆಳಗಿನವರು ಬೆನ್ನ ಹಿಂದೆ ಅವನನ್ನು ಉಳಿ ಎನ್ನುತ್ತಿದ್ದರು. ಕುರ್ಚಿಯ ಕಾಲು ಕೂಡುವ ಕಡೆ ಕೂದಲೆಳೆಯಷ್ಟು ಸಂದಿ ಕಂಡರೆ ಕುರ್ಚಿಯನ್ನು ಎತ್ತಿ ಶೆಡ್ಡಿನ ಹೊರಗೆ ಎಸೆಯುತ್ತಿದ್ದ, ಮಾಡಿದವನು ಅದನ್ನು ರಸ್ತೆಯಿಂದ ಎತ್ತಿಕೊಂಡು ಬರಬೇಕಿತ್ತು. ಹೊಡೆಯುವವನಲ್ಲ. ಬರೀ ಮಾತು. ಒಮ್ಮೆ, ಹೇಳಿದ ಹಲಗೆ ಬಿಟ್ಟು ಹುಡುಗನಾಗಿದ್ದ ಮಗ ಬೇರೆ ಹಲಗೆ ತಂದಿದ್ದಕ್ಕೆ, ಆರು ಜನ ಕೆಲಸದವರ ಎದುರಿಗೆ, ಇವನ ತಲೇಲಿ ಮೆದುಳಿಲ್ಲ ಕಣ್ರೋ, ಮರದ ಹೊಟ್ಟು ತುಂಬಿದೆ ಎಂದು ಅವನ ನೆತ್ತಿಯ ಮೇಲೆ ಎರಡು ಸಲ ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದ್ದ. ಕೆಲಸದವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಈಗಲೂ ಅನ್ನಿಸುತ್ತಿತ್ತು. ಇಂಥ ಅಪ್ಪ ಎಪ್ಪತ್ತು ದಾಟಿದ ಮೇಲೆ ಒಂದು ದಿನ ಕೈಕೆಳಗಿನವನೊಬ್ಬ ಮಾಡಿದ್ದ ಸೊಟ್ಟ ಸ್ಟೂಲಿನ ಮೇಲೆ ಕೂತು, ಅದು ಕಟಕಟ ಅಲುಗಾಡಿದಾಗ ಗಟ್ಟಿಯಾಗಿ ನಕ್ಕುಬಿಟ್ಟ. ಅಲ್ಲಿಂದ ಶುರುವಾಯಿತು. ಸೊಸೆಯ ಅಡುಗೆ ಹೊಗಳಿದ, ದಾರಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸಿದ, ಮೊಮ್ಮಗಳ ಜಡೆ ಹಿಡಿದು ಆಡಿಸಿದ, ಅಮ್ಮನ ಪಕ್ಕ ಕೂತು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅರವತ್ತೆಂಟು ವರ್ಷದ ಅಮ್ಮ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದಳು. ಕೊನೆಗೂ ನನಗೊಬ್ಬ ಗಂಡ ಸಿಕ್ಕಿದ ಎಂದು ಪಕ್ಕದ ಮನೆಯವಳಿಗೆ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಮಾಗಿದ್ದಾರೆ ಎಂದು ಮನೆಯವರೆಲ್ಲ ಹೇಳಿಕೊಂಡರು. ಮೂರು ವರ್ಷ ಹಾಗೆಯೇ ಹೇಳಿಕೊಂಡರು. ಆಮೇಲೆ ಅಪ್ಪ ಅಂಗಡಿಯಲ್ಲಿ ಬೇರೆಯವರ ಚೀಲದಿಂದ ಹಣ್ಣು ತೆಗೆದು ತಿಂದ, ಯಾರದೋ ಸಾವಿನ ಮನೆಯಲ್ಲಿ ಹಾಡಿದ, ಉಳಿಯನ್ನು ಕೈಯಲ್ಲಿ ಹಿಡಿದು ಇದೇನು ಎಂದು ಕೇಳಿದ. ಆಸ್ಪತ್ರೆಯಲ್ಲಿ ಡಾಕ್ಟರು, ಬದಲಾವಣೆ ಯಾವಾಗ ಕಂಡಿತು ಎಂದು ಕೇಳಿದರು. ಮಗನಾದ ಅವನೇ, ಮೂರು ವರ್ಷ ಆಯಿತು ಎಂದ. ಮೂರು ವರ್ಷ ನಿಮಗೆ ಏನೂ ಅನ್ನಿಸಲಿಲ್ಲವೇ ಎಂದು ಡಾಕ್ಟರು ಕೇಳಿ, ಸ್ವಲ್ಪ ಬೇಗ ಬಂದಿದ್ದರೆ ಎಂದು ಮಾತನ್ನು ಅಲ್ಲಿಗೇ ಬಿಟ್ಟರು. ಅಮ್ಮ ಮಾತ್ರ ಕಾರಿಡಾರಿಗೆ ಬಂದ ಮೇಲೆ, ಕಾಯಿಲೆಯೋ ಕಸಾಲೆಯೋ, ನನ್ನ ಜೀವನದಲ್ಲಿ ಸುಖ ಅಂತ ಕಂಡಿದ್ದು ಆ ಮೂರೇ ವರ್ಷ ಎಂದು ಯಾರಿಗೂ ನಾಚದೆ ಹೇಳಿದಳು. ಈಗ ಅಪ್ಪ ಹಿಂದಿನ ಕೋಣೆಯಲ್ಲಿ ಮೇಜಿನ ಅಂಚನ್ನು ಅಂಗೈಯಿಂದ ಸವರುತ್ತ ಕೂತಿರುತ್ತಾನೆ. ಅಮ್ಮ ಎದುರಿಗೆ ಕೂತಿರುತ್ತಾಳೆ, ಅವನ ಕೈ ಈಗ ಅವಳನ್ನು ಹುಡುಕುವುದಿಲ್ಲ.

ಆಸ್ಪತ್ರೆಯ ಆ ಕೋಣೆಯಲ್ಲಿ ಎರಡು ಮೇಜುಗಳನ್ನು ಪರೀಕ್ಷೆಗೆ ಕೂರಿಸುವ ಹಾಗೆ ದೂರ ದೂರ ಇಟ್ಟಿದ್ದರು. ಪ್ರಶ್ನೆ ಕೇಳುವ ಹುಡುಗಿಗೆ ಇಪ್ಪತ್ತೈದಿರಬೇಕು, ಕೈಗೆ ದೊಡ್ಡದಾದ ಗಂಡಸರ ಗಡಿಯಾರ ಕಟ್ಟಿಕೊಂಡಿದ್ದಳು. ಈ ಬಗೆಯ ಕಾಯಿಲೆಯಲ್ಲಿ ನೆನಪಿಗಿಂತ ಮೊದಲು ಸ್ವಭಾವ ಬದಲಾಗುವುದುಂಟು, ಕೆಲವು ಮನೆಗಳಲ್ಲಿ ಇದು ತಂದೆಯಿಂದ ಮಕ್ಕಳಿಗೆ ಹೋಗುವುದೂ ಉಂಟು, ಆದರೆ ಎಲ್ಲರಿಗೂ ಅಲ್ಲ ಎಂದು ಅವಳು ದಿನಕ್ಕೆ ಹತ್ತು ಸಲ ಹೇಳಿ ನುಣುಪಾದ ದನಿಯಲ್ಲಿ ಹೇಳಿದಳು. ಮಕ್ಕಳೆಷ್ಟು ಎಂಬ ಕಡೆ ಅವನು ಒಂದು ಎಂದು ಬರೆದ. ಅರವತ್ತು ವಾಕ್ಯಗಳಿದ್ದವು, ಪ್ರತಿಯೊಂದರ ಮುಂದೆ ಗುರುತು ಹಾಕಲು ಐದು ಮನೆ. ‘ವಸ್ತುಗಳನ್ನು ಅವುಗಳ ಜಾಗದಲ್ಲೇ ಇಡುತ್ತೇನೆ.’ ಯಾವಾಗಲೂ. ‘ಬೇಗ ಚಿಂತೆಗೆ ಬೀಳುತ್ತೇನೆ.’ ಅನೇಕ ಸಲ. ‘ಬೇರೆಯವರ ತಪ್ಪು ಕಂಡರೆ ಸುಮ್ಮನಿರಲಾರೆ.’ ಇಲ್ಲಿ ಪೆನ್ನು ನಿಂತಿತು. ಕೆಲವೊಮ್ಮೆ ಎಂಬುದಕ್ಕೂ ಅನೇಕ ಸಲ ಎಂಬುದಕ್ಕೂ ಗಡಿ ಯಾವುದು, ವಾರಕ್ಕೆ ಎಷ್ಟು ಸಲ ಎಂದು ಕೇಳಿದ. ಮೊದಲು ಮನಸ್ಸಿಗೆ ಬಂದದ್ದನ್ನು ಹಾಕಿ ಸರ್ ಎಂದಳು ಹುಡುಗಿ. ಇಂಥ ಅಳತೆಯಿಂದ ಒಂದು ಕಿಲೋ ಉಪ್ಪು ಮಾರಿದರೂ ಅವನು ಕೇಸು ಹಾಕುತ್ತಿದ್ದ. ಪಕ್ಕದ ಮೇಜಿನಲ್ಲಿ ಹೆಂಡತಿ ಫ್ರೇಮಿನ ತಿರುಪು ಬಿಗಿಸುವಾಗಿನ ಹಾಗೆ ತುಟಿ ಮುಂದೆ ಮಾಡಿಕೊಂಡು ಬರೆಯುತ್ತಿದ್ದಳು. ಅವಳ ಪೆನ್ನು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅವಳಿಗೆ ತಾನು ಅಷ್ಟು ಸಲೀಸಾಗಿದ್ದೇನೆಯೇ ಎಂದು ಅವನಿಗೆ ಆಶ್ಚರ್ಯವಾಯಿತು, ಸ್ವಲ್ಪ ಅವಮಾನವೂ ಆಯಿತು.

ಕೊನೆಯ ಪುಟದಲ್ಲಿ, ಕಳೆದ ಕೆಲವು ವರ್ಷಗಳಲ್ಲಿ ನಿಮ್ಮ ಸ್ವಭಾವದಲ್ಲಿ ಬದಲಾವಣೆ ಕಂಡಿದ್ದೀರಾ ಎಂದು ಕೇಳಿತ್ತು. ಕಂಡಿದ್ದ. ಅವನಷ್ಟು ಹತ್ತಿರದಿಂದ ಯಾರೂ ಕಂಡಿರಲಾರರು. ನಾಲ್ಕು ವರ್ಷದ ಹಿಂದೆ, ಮಗಳಿಗೆ ಹದಿನಾರಿದ್ದಾಗ, ಅವಳು ಗೆಳತಿಯರನ್ನು ಕರೆದುಕೊಂಡು ಬಂದು ಅದೇನೋ ಶಾಲೆಯ ಕೆಲಸಕ್ಕೆಂದು ಅವನ ಪೆಟ್ಟಿಗೆಯಿಂದ ಹಿತ್ತಾಳೆಯ ಸಣ್ಣ ಕಲ್ಲುಗಳನ್ನು ಬರಿಗೈಯಲ್ಲಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಗ್ರಾಂ ಕಲ್ಲನ್ನು ಚಿಮಟದಿಂದಲೇ ಎತ್ತಬೇಕು, ಬೆರಳಿನ ಬೆವರು ತಾಗಿದರೂ ತೂಕ ಕೆಡುತ್ತದೆ. ಅವನು ಬಾಗಿಲಲ್ಲೇ ನಿಂತು, ನಿನ್ನ ತಲೇಲಿ ಹೊಟ್ಟು ತುಂಬಿದೆಯಾ ಎಂದ. ಅವನ ಮನೆಯಲ್ಲಿ ಮರದ ಕೆಲಸವೇ ಇರಲಿಲ್ಲ, ಹೊಟ್ಟು ಎಲ್ಲಿಂದ ಬರಬೇಕು? ಮಗಳು ಕಲ್ಲುಗಳನ್ನು ಒಂದೊಂದಾಗಿ, ಈ ಸಲ ಚಿಮಟದಿಂದ, ಪೆಟ್ಟಿಗೆಗೆ ಹಾಕಿದಳು. ಗೆಳತಿಯರೂ ನಗಲಿಲ್ಲ. ಆವತ್ತು ಅವನು, ಇನ್ನು ಇಂಥ ಮಾತು ಆಡುವುದಿಲ್ಲ ಎಂದು ನಿರ್ಧಾರ ಮಾಡಿದ. ಯಾರಿಗೂ ಹೇಳಲಿಲ್ಲ, ಹೇಳಿದರೆ ಅದರ ಬೆಲೆ ಹೋಗುತ್ತದೆ ಎನಿಸಿತ್ತು. ಮೊದಲ ಆರು ತಿಂಗಳು ಜ್ವರ ಬಂದವನ ಹಾಗೆ ಹಲ್ಲು ಕಚ್ಚಿಕೊಂಡು ಓಡಾಡಿದ. ಒಮ್ಮೊಮ್ಮೆ ಐವತ್ತು ಮಿಲಿಗ್ರಾಮಿನವರೆಗೂ ಎಣಿಸಬೇಕಾಗುತ್ತಿತ್ತು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮೊದಮೊದಲು ತಾಯಿಗೆ ಮಾತ್ರ ಫೋನು ಮಾಡುತ್ತಿದ್ದವಳು, ಎರಡನೆಯ ವರ್ಷದಿಂದ ಅಪ್ಪನಿಗೆ ಕೊಡು ಎನ್ನತೊಡಗಿದಳು. ಪ್ರತಿ ಶನಿವಾರ ಮನೆಗೆ ಬರತೊಡಗಿದಳು. ಹೆಂಡತಿ ಒಂದು ಸಲವೂ ಅದರ ಮಾತೆತ್ತಲಿಲ್ಲ. ಎತ್ತಲಿ ಎಂದು ಅವನು ಕಾಯುತ್ತಿದ್ದ. ಒಂದು ದಿನ ಕಾಫಿ ಕೊಡುತ್ತ, ನೀವು ಎಷ್ಟು ಬದಲಾಗಿದ್ದೀರಿ ಎನ್ನುತ್ತಾಳೆ, ಆಗ ಹೌದಾ ಎಂದು ಪೇಪರಿನಿಂದ ಕಣ್ಣೆತ್ತದೆ ಹೇಳಬೇಕು ಎಂದುಕೊಂಡಿದ್ದ. ಇದನ್ನೆಲ್ಲ ಫಾರಮಿನಲ್ಲಿ ಬರೆಯುವುದು ಹೇಗೆ? ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗಾಗುತ್ತದೆ. ‘ಬದಲಾವಣೆ ಇಲ್ಲ’ ಎಂಬುದಕ್ಕೆ ಗುರುತು ಹಾಕಿ ಕೊಟ್ಟ.

ಹುಡುಗಿ ಎರಡೂ ಫಾರಮನ್ನು ಪಕ್ಕ ಪಕ್ಕ ಇಟ್ಟುಕೊಂಡು, ಇಬ್ಬರ ಉತ್ತರ ದೂರ ದೂರ ಬಂದಿರುವ ಕಡೆ ಮಾತ್ರ ಕೇಳುತ್ತೇನೆ, ಇಬ್ಬರೂ ಒಪ್ಪಿ ಸಹಿ ಹಾಕಿದ್ದೀರಲ್ಲ ಎಂದಳು. ಅಂಥದ್ದು ಒಂದೇ ಇತ್ತು.

“ಮೇಡಂ ಒಂದು ಬದಲಾವಣೆ ಬರೆದಿದಾರೆ ಸರ್. ನಾಲ್ಕು ವರ್ಷದಿಂದ ನೀವು ಮೊದಲಿನ ಹಾಗೆ ಸಿಟ್ಟು ಮಾಡ್ಕೊಳ್ಳಲ್ಲ, ಬೇಜಾರೂ ಮಾಡ್ಕೊಳ್ಳಲ್ಲ, ಏನಾದರೂ ಪರವಾಗಿಲ್ಲ ಅಂತೀರಿ ಅಂತ. ನೀವು ಬದಲಾವಣೆ ಇಲ್ಲ ಅಂತ ಹಾಕಿದೀರಿ.”

ಅವನು ಹೆಂಡತಿಯ ಕಡೆ ನೋಡಿದ. ಅವಳು ತನ್ನ ಚೀಲದ ಹಿಡಿಯನ್ನು ನೋಡುತ್ತಿದ್ದಳು. ನಾಲ್ಕು ವರ್ಷ ಕಾದ ಮಾತು ಬಂದಿತ್ತು, ಅವನಿಗಲ್ಲ, ಗಂಡಸರ ಗಡಿಯಾರ ಕಟ್ಟಿದ ಒಂದು ಹುಡುಗಿಗೆ ಬಂದಿತ್ತು. ಮೊದಲು ಅವನಿಗಾದದ್ದು ಸಂತೋಷ ಎಂದರೆ ನಗು ಬರುತ್ತದೆ, ಆದರೆ ಸಂತೋಷವೇ ಆಯಿತು. ಕಂಡಿದ್ದಾಳೆ, ಇಸವಿ ಸಮೇತ ಕಂಡಿದ್ದಾಳೆ. ಅದರ ಹಿಂದೆಯೇ ಅವಳು ಅದನ್ನು ಯಾವ ಸಾಲಿನಲ್ಲಿ ಬರೆದಿದ್ದಾಳೆ ಎಂಬುದು ಹೊಳೆಯಿತು, ಕಾಯಿಲೆಯ ಗುರುತಿನ ಸಾಲಿನಲ್ಲಿ. ಅದು ನಾನು ಬೇಕೆಂದೇ ಮಾಡಿದ್ದು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಪ್ಪನ ಮಾತು ನೆನಪಾಯಿತು. ಇದೇ ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ ಡಾಕ್ಟರು ಅಪ್ಪನನ್ನೂ ಕೇಳಿದ್ದರು, ಯಜಮಾನರೇ, ಮೊದಲೆಲ್ಲ ಬಹಳ ಸಿಟ್ಟಂತೆ, ಈಗ ಬರೋದೇ ಇಲ್ಲವಂತೆ, ಯಾಕೆ? ಅಪ್ಪ ಕಾಲ ಮೇಲೆ ಕಾಲು ಹಾಕಿ ಕೂತು, “ನಾನೇ ಬಿಟ್ಟೆ. ಬೇಕೂಂತಲೇ ಬಿಟ್ಟೆ. ಎಷ್ಟು ದಿನ ಅಂತ ಎಗರಾಡೋದು?” ಎಂದಿದ್ದ. ಡಾಕ್ಟರು ನಕ್ಕು ಒಂದು ಸಾಲು ಬರೆದುಕೊಂಡಿದ್ದರು. ಅಂಗಡಿಗಳಲ್ಲಿ ಮೇಜಿನ ಈಚೆ ನಿಂತು ರಿಜಿಸ್ಟರನ್ನು ತಲೆಕೆಳಗಾಗಿ ಓದಿ ಅಭ್ಯಾಸವಿದ್ದ ಅವನು ಅದನ್ನು ಓದಿದ್ದ. ರೋಗಿಗೆ ತನ್ನ ಬದಲಾವಣೆಯ ಅರಿವಿಲ್ಲ ಎಂದಿತ್ತು. ಆಗ ಅವನೂ ತಲೆಯಾಡಿಸಿದ್ದ. ಈಗ ಮಾತ್ರ ಬೇರೊಂದು ಯೋಚನೆ ಬಂತು. ಅಪ್ಪ ನಿಜ ಹೇಳಿರಬಹುದಲ್ಲ. ಅವನಿಗೂ ಶೆಡ್ಡಿನಲ್ಲಿ ಯಾವತ್ತೋ ಒಂದು ದಿನ ಯಾರದೋ ಮುಖ ನೋಡಿ ಸಾಕು ಅನ್ನಿಸಿರಬಹುದು, ಅವನೂ ಯಾರಿಗೂ ಹೇಳದೆ ತನ್ನದೇ ಯಾವುದೋ ಲೆಕ್ಕ ಎಣಿಸುತ್ತ ಹಲ್ಲು ಕಚ್ಚಿರಬಹುದು, ಕಾಯಿಲೆ ಆಮೇಲೆ ಬಂದು ಅದೇ ಜಾಗದಲ್ಲಿ ಕೂತಿರಬಹುದು. ಅಥವಾ ಕಾಯಿಲೆಯೇ ಮೊದಲು ಬಂದು, ಇದು ನಿನ್ನ ನಿರ್ಧಾರ ಎಂದು ಅವನಿಗೆ ಹೇಳಿಕೊಟ್ಟಿರಬಹುದು. ಎರಡನ್ನೂ ಬೇರೆ ಮಾಡಿ ತೂಗುವ ತಕ್ಕಡಿ ಈ ಕೋಣೆಯಲ್ಲಿರಲಿಲ್ಲ. ಆ ದಿನ, ಬಾಗಿಲಲ್ಲಿ ನಿಂತಾಗ, ಮಗಳ ಬೆರಳುಗಳನ್ನು ನೋಡಿ ನಿರ್ಧರಿಸಿದವನು ಯಾರು?

“ನಾನು ಗಮನಿಸಿಲ್ಲ,” ಎಂದ. ಹುಡುಗಿ ಒಂದು ಸಾಲು ಬರೆದುಕೊಂಡಳು. ಈ ಸಲ ಅವನು ತಲೆಕೆಳಗಾಗಿ ಓದಲು ಹೋಗಲಿಲ್ಲ. ಮುಂದಿನ ತಿಂಗಳು ರಕ್ತ ಕೊಡಲು ಬರಬೇಕು, ಅದರ ಫಲಿತಾಂಶ ನಿಮಗೆ ತಿಳಿಯಬೇಕೋ ಬೇಡವೋ ಎಂಬುದನ್ನು ಆಗ ಹೇಳಿದರೆ ಸಾಕು, ಯಾವ ಆತುರವೂ ಇಲ್ಲ ಎಂದು ಅವಳು ದಿನಾಂಕ ಬರೆದ ಚೀಟಿಯನ್ನು ಕೊಟ್ಟಳು. ಹೆಂಡತಿ ಅದನ್ನು ತೆಗೆದುಕೊಂಡಳು.

ಇಬ್ಬರೂ ಬಸ್‌ಸ್ಟಾಪಿಗೆ ನಡೆದರು. ತಗಡಿನ ಮಾಡಿನ ಕೆಳಗೆ ಉದ್ದನೆಯ ಕಬ್ಬಿಣದ ಬೆಂಚಿತ್ತು, ಅದರ ಒಂದು ತುದಿಯಲ್ಲಿ ಹೆಂಗಸೊಬ್ಬಳು ಎಕ್ಸ್‌ರೇಯ ದೊಡ್ಡ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಇನ್ನೊಂದು ತುದಿಯಲ್ಲಿ ಕೂತ ಮೇಲೆ ಹೆಂಡತಿ ತಗ್ಗಿದ ದನಿಯಲ್ಲಿ ಹೇಳತೊಡಗಿದಳು. “ನಾನು ದೂರು ಹೇಳಿದ್ದಲ್ಲ ರೀ. ಮಾವನ ವಿಷಯದಲ್ಲಿ ಎಲ್ಲರೂ ಸುಮ್ಮನಿದ್ವಿ. ಚೆನ್ನಾಗಿದೆಯಲ್ಲ ಅಂತ ಸುಮ್ಮನಿದ್ವಿ. ನಿಮ್ಮ ವಿಷಯದಲ್ಲಿ ನನಗೆ ಹಾಗಿರೋಕಾಗಲ್ಲ.” ಆಮೇಲೆ ಅವಳು ಒಂದೊಂದಾಗಿ ಹೇಳುತ್ತ ಹೋದಳು, ಫಾರಮಿನಲ್ಲಿ ಜಾಗ ಸಾಲದೆ ಬಿಟ್ಟಿದ್ದನ್ನೆಲ್ಲ. ಅವಳ ಚಪ್ಪಲಿ ಎಡವಿ ಅವನು ಬಿದ್ದಾಗ ಏನೂ ಅನ್ನದೆ ಎದ್ದು ಹೋದದ್ದು. ಅವಳ ಅಣ್ಣ ಮನೆಯಲ್ಲಿ ಹತ್ತು ದಿನ ಉಳಿದಾಗ ಪರವಾಗಿಲ್ಲ ಎಂದದ್ದು. ಇಸ್ತ್ರಿ ಪೆಟ್ಟಿಗೆ ಮರೆತು ಅವನ ಹೊಸ ಅಂಗಿಯ ಬೆನ್ನು ಸುಟ್ಟಾಗ, ಇನ್ನೊಂದಿದೆಯಲ್ಲ ಎಂದು ಬೇರೆ ಅಂಗಿ ಹಾಕಿಕೊಂಡು ಹೋದದ್ದು. ಆವತ್ತು ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳಂತೆ. ಅವನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಆವತ್ತು ಅವನು ಎಣಿಕೆ ಹತ್ತಕ್ಕೆ ಬರುವಷ್ಟರಲ್ಲೇ ಗೆದ್ದಿದ್ದ, ಮೆಟ್ಟಿಲಿಳಿಯುವಾಗ ಸಿಳ್ಳೆ ಹಾಕಬೇಕೆನ್ನಿಸುವಷ್ಟು ಹಗುರವಾಗಿದ್ದ. ಇಷ್ಟು ವರ್ಷ ಒಂದೇ ಮನೆಯಲ್ಲಿ ಅವನು ಒಂದೊಂದು ಗೆಲುವನ್ನು ಎಣಿಸಿಕೊಂಡಿದ್ದ, ಅವಳು ಅವನ್ನೇ ಒಂದೊಂದಾಗಿ ಹೆದರಿಕೆಯಿಂದ ಎಣಿಸಿಕೊಂಡಿದ್ದಳು. ಅವನಿಗೆ ಅವಳ ಮೇಲೆ ಬಹಳ ಮರುಕವಾಯಿತು. ನಾನು ಬೇಕೆಂದೇ ಮಾಡಿದ್ದು ಕಣೇ ಎಂದು ಈಗಲಾದರೂ ಹೇಳಬಹುದಿತ್ತು. ಅವಳು ಹೂಂ ಎನ್ನುತ್ತಿದ್ದಳು. ಮಾವನೂ ಹಾಗೇ ಅಂದಿದ್ದರು ಎಂಬುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ. ಆವತ್ತು ಅವಳೂ ಆ ಕೋಣೆಯಲ್ಲಿದ್ದಳು.

ದೂರದಲ್ಲಿ ಬಸ್ಸು ಕಂಡಿತು. ಅವಳು ಎದ್ದವಳು ಚೀಟಿ ಎಲ್ಲಿ ಎಂದು ಚೀಲಕ್ಕೆ ಕೈ ಹಾಕಿದಳು. ಇರಲಿಲ್ಲ. ಚೀಲವನ್ನು ಬೆಂಚಿನ ಮೇಲಿಟ್ಟು ಒಳಗಿನದನ್ನೆಲ್ಲ ತೆಗೆಯತೊಡಗಿದಳು. ಕರವಸ್ತ್ರ, ಸಣ್ಣ ತಿರುಪುಳಿ, ಮಾತ್ರೆಯ ಹಾಳೆ, ಹಳೆಯ ಟಿಕೆಟ್ಟುಗಳು. ಬಸ್ಸು ಬಂದು ನಿಂತು ಎಕ್ಸ್‌ರೇಯ ಹೆಂಗಸನ್ನು ಹತ್ತಿಸಿಕೊಂಡಿತು, ಕಂಡಕ್ಟರ್ ಬರ್ತೀರಾ ಎಂಬಂತೆ ಇವರ ಕಡೆ ನೋಡಿ ಸೀಟಿ ಊದಿದ. ಸಿಟ್ಟು ತನ್ನ ಹಳೆಯ ಜಾಗದಿಂದ, ಎದೆಗೂಡಿನ ಕೆಳಗಿನಿಂದ, ಏಳುವುದು ಅವನಿಗೆ ಗೊತ್ತಾಯಿತು. ಇದೆ, ಇನ್ನೂ ಇದೆ ಎಂದುಕೊಂಡ. ಇಪ್ಪತ್ತು ಎಂದು ಶುರುಮಾಡಬೇಕಾದ ಹೊತ್ತದು. ಶುರುಮಾಡಲಿಲ್ಲ. ಒಂದು ಸಲ ಬಿಟ್ಟು ನೋಡೋಣ, ಪರೀಕ್ಷೆಗೆ, ಅವಳಿಗೂ ಗೊತ್ತಾಗಲಿ, ನನಗೂ ಗೊತ್ತಾಗಲಿ ಎನಿಸಿತು.

“ಒಂದು ಚೀಟಿ ಇಟ್ಕೊಳ್ಳೋ ಯೋಗ್ಯತೆ ಇಲ್ಲ ನಿನಗೆ. ನನ್ನ ತಲೆ ನೆಟ್ಟಗಿದೆಯಾ ಅಂತ ನೋಡಿಸೋಕೆ ಬಂದಿದೀಯ. ಮೊದಲು ನಿನ್ನ ತಲೆ ತೋರಿಸು ಒಳಗೆ ಹೋಗಿ. ಚೀಲ ಅಂತೆ ಚೀಲ, ತಿಪ್ಪೆ ಹೊತ್ಕೊಂಡು ತಿರುಗ್ತಾಳೆ.”

ಬಸ್ಸಿನ ಕಿಟಕಿಗಳಲ್ಲಿ ಮುಖಗಳು ತಿರುಗಿದವು. ಅವನ ದನಿ ತಗಡಿಗೆ ಬಡಿದು ಅವನಿಗೇ ಕೇಳುತ್ತಿತ್ತು. ಮೊದಲ ಎರಡು ಮಾತು ಪರೀಕ್ಷೆಗೆ ಆಡಿದ್ದು ನಿಜ. ಮೂರನೆಯದರಿಂದ ಅದು ಪರೀಕ್ಷೆಯಾಗಿ ಉಳಿಯಲಿಲ್ಲ. ಹಳೆಯ ಚಪ್ಪಲಿಗೆ ಕಾಲು ತೂರಿಸಿದ ಹಾಗೆ ಸಲೀಸಾಗಿತ್ತು, ಬೆರಳು ಬೆರಳಿಗೂ ಅಲ್ಲಿ ಗುರುತಿನ ಗುಳಿಯಿತ್ತು. ಇಷ್ಟು ವರ್ಷದಲ್ಲಿ ಒಳ್ಳೆಯವನಾಗಿದ್ದಾಗ ಒಂದು ದಿನವೂ ಇಷ್ಟು ಸುಖವಾಗಿರಲಿಲ್ಲ ಎಂದು ಗೊತ್ತಾಗಿ ನಾಚಿಕೆಯಾಯಿತು. ಅವನು ಇನ್ನೂ ಒಂದಷ್ಟು ಅಂದ, ಅವಳ ಅಣ್ಣನನ್ನೂ ಎಳೆದು ತಂದ, ಸುಟ್ಟ ಅಂಗಿಯನ್ನೂ ಬಿಡಲಿಲ್ಲ. ಅವಳ ಭುಜಗಳು ಹಿಂದೆ ಏಳುತ್ತಿದ್ದ ಹಾಗೆಯೇ ಕಿವಿಯವರೆಗೆ ಎದ್ದವು, ಕತ್ತು ಒಳಗೆ ಹೋಯಿತು. ಆ ಭುಜಗಳನ್ನು ಅವನು ಮರೆತಿದ್ದ. ಬಸ್ಸು ಹೊರಟಿತು. ಅವನ ಮಾತು ಮುಗಿದಾಗ ಅವಳು ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ತಿರುಪುಳಿ ಹಿಡಿದು ನಿಂತಿದ್ದಳು. ನಿಧಾನವಾಗಿ ಭುಜ ಕೆಳಗಿಳಿದವು. ಅವಳ ಕಣ್ಣು ತುಂಬಿತ್ತು. ಆಮೇಲೆ ಅವನು ಎಂದೂ ಎಣಿಸಿರದ ಒಂದು ನಗೆ ಅವಳ ಮುಖದಲ್ಲಿ ಬಂತು, ಆಪರೇಷನ್ ಕೋಣೆಯಿಂದ ಡಾಕ್ಟರು ಹೊರಗೆ ಬಂದು ಗಂಡಾಂತರ ಇಲ್ಲ ಎಂದಾಗ ಜನ ನಗುವ ನಗೆ.

“ಸದ್ಯ,” ಎಂದಳು. ಬೆಂಚಿನ ಮೇಲೆ ಕುಸಿದು, “ಸದ್ಯ, ದೇವ್ರೇ,” ಎಂದು ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡಳು. ಬೀದಿಯಲ್ಲಿ ಎಂದೂ ಅವನನ್ನು ಮುಟ್ಟದವಳು ಅವನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಚೀಟಿ ಅವಳ ಕನ್ನಡಕದ ಡಬ್ಬಿಯೊಳಗೆ ಸಿಕ್ಕಿತು, ಕಳೆಯಬಾರದೆಂದು ಅವಳೇ ಅಲ್ಲಿಟ್ಟು ಮರೆತಿದ್ದಳು. ಅದನ್ನು ತೋರಿಸಿ ನಕ್ಕಳು. ಅವನಿಗೆ ಫಾರಮಿನ ನಲವತ್ತೋ ನಲವತ್ತೊಂದೋ ವಾಕ್ಯ ನೆನಪಾಯಿತು, ಸಣ್ಣ ಕಾರಣಕ್ಕೆ ಇದ್ದಕ್ಕಿದ್ದಂತೆ ಕೆರಳುವುದು ಎಂಬುದು. ಅದೂ ಒಂದು ಲಕ್ಷಣವೇ. ಅವಳಿಗೂ ಆ ಫಾರಂ ಕೊಟ್ಟಿದ್ದರು, ಅವಳೂ ಓದಿರಬೇಕು. ಆದರೆ ಅವಳು ಆಗಲೇ ಫೋನು ತೆಗೆದು ಮಗಳಿಗೆ ಹಚ್ಚಿದ್ದಳು. ಮಗಳು ಮಧ್ಯಾಹ್ನದಿಂದ ಎರಡು ಸಲ ಮಾಡಿದ್ದಳಂತೆ, ಅವಳಿಗೂ ಒಳಗೊಳಗೇ ಭಯ.

“ಏನೂ ಇಲ್ಲ ಕಣೇ. ಅಪ್ಪ ಚೆನ್ನಾಗಿದಾರೆ,” ಎಂದಳು ಫೋನಿಗೆ. “ಈಗ ತಾನೇ ಬಸ್‌ಸ್ಟಾಪಲ್ಲಿ ಎಲ್ಲರೆದುರಿಗೆ ನನ್ನ ಜಾಡಿಸಿಬಿಟ್ರು. ಹೂಂ. ಇಲ್ಲ ಇಲ್ಲ, ತಮಾಷೆ ಅಲ್ಲ. ಥೇಟ್ ಮೊದಲಿನ ಹಾಗೇ.” ಅವಳ ದನಿಯಲ್ಲಿ ಸಿಹಿ ಸುದ್ದಿ ಹಂಚುವವರ ಅವಸರವಿತ್ತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಹೆಂಡತಿ ಹಲೋ ಹಲೋ ಎಂದಳು. ಆಮೇಲೆ ಮಗಳು ಏನೋ ಹೇಳಿದಳು, ಸಣ್ಣದಾಗಿ, ಹೆಂಡತಿ ಹೌದಾ, ಹಾಗಾ, ಸರಿ ಎಂದು ಫೋನು ಇಟ್ಟಳು. ಅವನು ಕೇಳುವ ಮೊದಲು ಅವಳೇ ಹೇಳಿದಳು.

“ಈ ಶನಿವಾರ ಬರೋಕಾಗಲ್ವಂತೆ. ಓದೋದು ಜಾಸ್ತಿ ಇದೆಯಂತೆ.”

ಶನಿವಾರ ಮಗಳು ಬರುವ ಹೊತ್ತಿಗೆ ಅವನು ಗೇಟಿನ ತಿರುಗಣಿಗೆ ಎಣ್ಣೆ ಬಿಡುವುದೋ, ಒಣಗಿದ ಎಲೆ ಗುಡಿಸುವುದೋ, ಏನಾದರೊಂದು ನೆಪ ಹೂಡಿ ಹೊರಗೆ ನಿಂತಿರುತ್ತಿದ್ದ. ಅವಳು ಬೀದಿಯ ತಿರುವಿನಲ್ಲೇ ಚೀಲ ಎತ್ತಿ ತೋರಿಸುತ್ತಿದ್ದಳು. ಪರವಾಗಿಲ್ಲ, ನಾನೇ ಹೋಗಿ ನೋಡಿಕೊಂಡು ಬರುತ್ತೇನೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳ ಕೈ ಇನ್ನೂ ಅವನ ಕೈಯ ಮೇಲಿತ್ತು, ಫೋನಿನ ಬೆಳಕು ಇನ್ನೂ ಆರಿರಲಿಲ್ಲ, ಮುಖದ ಮೇಲಿನ ನಿರಾಳ ಈಗಷ್ಟೇ ಬಂದು ಕೂತಿದ್ದು, ಅಲ್ಲಾಡಿಸಿದರೆ ಎದ್ದುಹೋಗುವಂತಿತ್ತು. ಅವನು ಏನು ಹೇಳುತ್ತಾನೆ ಎಂದು ಅವಳು ಕಾಯುತ್ತಿದ್ದಳು.

“ಬರದಿದ್ರೆ ಬೇಡ ಅನ್ನು,” ಎಂದ. “ಅವಳು ಬರ್ತಾಳೆ ಅಂತ ಇಲ್ಲಿ ಯಾರೂ ಬಾಗಿಲು ಕಾಯ್ತಾ ನಿಂತಿಲ್ಲ.”

ಹೆಂಡತಿ ತಲೆಯಾಡಿಸಿದಳು. ಫೋನನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ಮುಂದಿನ ಬಸ್ಸು ಬರುವವರೆಗೆ ಅವನಿಗೆ ಇನ್ನಷ್ಟು ಒತ್ತಿಕೊಂಡು ಕೂತಳು.